ಕೊಟ್ಟಿಗೆಯ ಪ್ಲಗ್ ಪಾಯಿಂಟ್ ಕೆಟ್ಟಾಗ: ನೀವೇ ನೋಡಬಹುದಾದದ್ದು, ಮುಟ್ಟಬಾರದ್ದು



ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ನೀರು ಕಾಯಿಸುವ ರಾಡು, ಫ್ಯಾನು, ಕೊಟ್ಟಿಗೆ ತೊಳೆಯುವ ಪಂಪು. ಹತ್ತು ಹದಿನೈದು ವರ್ಷಗಳ ಹಿಂದೆ ಕೊಟ್ಟಿಗೆಯಲ್ಲಿ ಒಂದು ಬಲ್ಬು ಉರಿದರೆ ಸಾಕಾಗಿತ್ತು. ಈಗ ಇವೆಲ್ಲವೂ ಗೋಡೆಯ ಮೇಲಿನ ಒಂದೋ ಎರಡೋ ಪ್ಲಗ್ ಪಾಯಿಂಟ್‌ಗಳನ್ನೇ ನಂಬಿಕೊಂಡಿವೆ. ಆ ಪಾಯಿಂಟ್ ಕೈಕೊಟ್ಟರೆ ಹಾಲು ಕರೆಯುವ ಹೊತ್ತು ತಪ್ಪುತ್ತದೆ, ಸಂಘಕ್ಕೆ ಹಾಲು ತಡವಾಗುತ್ತದೆ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಕೆಟ್ಟ ಪಾಯಿಂಟ್ ಇರುವ ಒದ್ದೆ ನೆಲದ ಮೇಲೆ ನಸುಕಿನಲ್ಲಿ ಬರಿಗಾಲಲ್ಲಿ ನಿಲ್ಲುವವರು ನೀವು, ಪಕ್ಕದಲ್ಲಿ ನಿಮ್ಮ ಹಸು.

'ಕರೆಂಟಿನ ವಿಷಯ ಗಂಡಸರಿಗೆ ಬಿಟ್ಟದ್ದು' ಎಂದು ಅನೇಕ ಮನೆಗಳಲ್ಲಿ ಹೇಳುತ್ತಾರೆ. ಆದರೆ ದಿನಕ್ಕೆ ಎರಡು ಬಾರಿ ಆ ಸ್ವಿಚ್ ಒತ್ತುವವರು ನೀವೇ. ರಿಪೇರಿ ಮಾಡುವುದು ಎಲೆಕ್ಟ್ರಿಷಿಯನ್ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲಿ ಕೆಟ್ಟಿದೆ, ಎಷ್ಟು ಅಪಾಯವಿದೆ, ಈಗಲೇ ಮೇನ್ ಸ್ವಿಚ್ ಆರಿಸಬೇಕೇ ಎಂದು ಗುರುತಿಸುವುದು ನಿಮಗೆ ಗೊತ್ತಿರಲೇಬೇಕು.

ಮೂರು ತೂತುಗಳ ಕೆಲಸ

ಸಾಕೆಟ್ಟಿನ ಎದುರು ನಿಂತು ನೋಡಿ. ಮೇಲೆ ಒಂದು ದೊಡ್ಡ ತೂತು, ಕೆಳಗೆ ಎರಡು ಚಿಕ್ಕವು. ಕೆಳಗಿನ ಬಲಗಡೆಯದು ಫೇಸ್. ಕರೆಂಟು ಬರುವುದು ಇದರಲ್ಲಿ. ಎಡಗಡೆಯದು ನ್ಯೂಟ್ರಲ್. ಬಂದ ಕರೆಂಟು ಯಂತ್ರದಲ್ಲಿ ಕೆಲಸ ಮಾಡಿ ಇದರಲ್ಲಿ ಹಿಂದಿರುಗುತ್ತದೆ. ಮೇಲಿನ ದೊಡ್ಡ ತೂತು ಅರ್ಥ್. ಇದರಲ್ಲಿ ಸಾಮಾನ್ಯವಾಗಿ ಕರೆಂಟು ಹರಿಯುವುದಿಲ್ಲ. ಯಂತ್ರದ ಒಳಗೆ ತಂತಿಯ ಸಿಪ್ಪೆ ಸುಲಿದು ಕಬ್ಬಿಣದ ಮೈಗೆ ಕರೆಂಟು ತಗುಲಿದರೆ, ಅದು ನಿಮ್ಮ ದೇಹದ ಮೂಲಕ ಹರಿಯುವ ಮೊದಲೇ ಈ ದಾರಿಯಲ್ಲಿ ನೆಲಕ್ಕೆ ಇಳಿದುಹೋಗಲಿ ಎಂದು ಇಟ್ಟಿರುವ ದಾರಿ ಇದು. ಪ್ಲಗ್ಗಿನ ಮೇಲಿನ ಪಿನ್ ಉಳಿದೆರಡಕ್ಕಿಂತ ಉದ್ದ ಇರುವುದೂ ಅದಕ್ಕೇ. ಚುಚ್ಚುವಾಗ ಅದು ಮೊದಲು ಸೇರಬೇಕು, ಕೀಳುವಾಗ ಕೊನೆಗೆ ಬಿಡಬೇಕು.

ಎಂಸಿಬಿ ಅಥವಾ ಫ್ಯೂಸ್ ಕಾಯುವುದು ತಂತಿಯನ್ನು, ನಿಮ್ಮನ್ನಲ್ಲ. 16 ಆಂಪಿಯರಿನ ಎಂಸಿಬಿ ಅದಕ್ಕಿಂತ ಹೆಚ್ಚು ಕರೆಂಟು ಹರಿದಾಗ ಮಾತ್ರ ಬೀಳುತ್ತದೆ. ಮನುಷ್ಯರ ಜೀವ ತೆಗೆಯಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲೂ ಸಾಕು. ಅಷ್ಟು ಚಿಕ್ಕ ಕರೆಂಟು ಎಂಸಿಬಿಯ ಗಮನಕ್ಕೇ ಬರುವುದಿಲ್ಲ. ನಿಮ್ಮನ್ನು ಕಾಯುವ ಸಾಧನ ಬೇರೆಯೇ ಇದೆ. ಅದರ ಹೆಸರು ಆರ್‌ಸಿಸಿಬಿ. ಹೋದ ಕರೆಂಟು ಅಷ್ಟೇ ಹಿಂದಿರುಗಿತೇ ಎಂದು ಅದು ಸದಾ ಲೆಕ್ಕ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರಿನಷ್ಟು ಎಲ್ಲಾದರೂ ಸೋರಿಹೋದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುತ್ತದೆ.

ಕೊಟ್ಟಿಗೆಯ ಪಾಯಿಂಟ್ ಬೇಗ ಕೆಡುವುದು ಏಕೆ?

ಮನೆಯೊಳಗಿನ ಸಾಕೆಟ್ ಹತ್ತು ವರ್ಷ ಬಾಳಿದರೆ ಕೊಟ್ಟಿಗೆಯದು ಅಷ್ಟು ಬಾಳುವುದಿಲ್ಲ. ಸಗಣಿ ಗಂಜಲದಿಂದ ಏಳುವ ಅಮೋನಿಯಾ ಗಾಳಿ ಸಾಕೆಟ್ಟಿನೊಳಗಿನ ಹಿತ್ತಾಳೆಯ ಪಟ್ಟಿಗೂ ತಾಮ್ರದ ತಂತಿಗೂ ಕಿಲುಬು ಹಿಡಿಸುತ್ತದೆ. ಕಿಲುಬು ಹಿಡಿದ ಕಡೆ ಕರೆಂಟು ಸರಾಗವಾಗಿ ಹರಿಯದೆ ಬಿಸಿಯಾಗುತ್ತದೆ. ಹೊಟ್ಟಿನ ದೂಳು ಒಳಗೆ ತುಂಬಿ, ಕಿಡಿ ಬಿದ್ದರೆ ಹತ್ತಿಕೊಳ್ಳುತ್ತದೆ. ತೊಳೆಯುವ ಪೈಪಿನ ನೀರು ಸಿಡಿಯುತ್ತದೆ. ಇಲಿ ತಂತಿ ಕಡಿಯುತ್ತದೆ. ಇರುವೆ, ಹಲ್ಲಿ ಬಾಕ್ಸಿನೊಳಗೆ ಸೇರಿಕೊಳ್ಳುತ್ತವೆ. ದಿನಕ್ಕೆ ನಾಲ್ಕು ಸಲ ಪ್ಲಗ್ ಕಿತ್ತು ಚುಚ್ಚುವುದರಿಂದ ಒಳಗಿನ ಪಟ್ಟಿ ಸಡಿಲವಾಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಕೆಡಿಸುವುದು ಮಿತಿಮೀರಿದ ಹೊರೆ. ಚಿಕ್ಕ ಸಾಕೆಟ್ 6 ಆಂಪಿಯರಿನದು. 230 ವೋಲ್ಟ್ ಲೆಕ್ಕದಲ್ಲಿ ಅದು ಹೊರುವುದು 1,380 ವ್ಯಾಟ್ ಮಾತ್ರ. ನೀರು ಕಾಯಿಸುವ 1,500 ವ್ಯಾಟಿನ ರಾಡು ಒಂದನ್ನೇ ಹಾಕಿದರೂ ಅದರ ಮಿತಿ ಮೀರಿತು. ದೊಡ್ಡ ಪಿನ್ನಿನ ಪ್ಲಗ್ಗನ್ನು ಕನ್ವರ್ಟರ್ ಹಾಕಿ ಚಿಕ್ಕ ಸಾಕೆಟ್ಟಿಗೆ ಚುಚ್ಚುವುದು ಈ ಕಾರಣಕ್ಕೇ ತಪ್ಪು. ಪಿನ್ ಹಿಡಿಸಿತು ಎಂದ ಮಾತ್ರಕ್ಕೆ ತಂತಿ ತಾಳುವುದಿಲ್ಲ. 16 ಆಂಪಿಯರಿನ ದೊಡ್ಡ ಸಾಕೆಟ್ 3,680 ವ್ಯಾಟಿನವರೆಗೆ ಹೊರುತ್ತದೆ. ಒಂದು ಎಚ್‌ಪಿ ಎಂದರೆ 746 ವ್ಯಾಟ್. 2 ಎಚ್‌ಪಿಯ ಮೇವು ಕತ್ತರಿಸುವ ಯಂತ್ರಕ್ಕೆ ಸುಮಾರು 1,500 ವ್ಯಾಟ್ ಎಂದಾಯಿತು. ಮೋಟಾರಿನಲ್ಲಿ ನಷ್ಟವಾಗುವುದನ್ನೂ ಸೇರಿಸಿದರೆ ಅದು ತಂತಿಯಿಂದ ಎಳೆಯುವುದು ಇದಕ್ಕಿಂತ ಹೆಚ್ಚು. ಚಾಲೂ ಆಗುವ ಗಳಿಗೆಯಲ್ಲಂತೂ ಅದರ ಹಲವು ಪಟ್ಟು. ಆದ್ದರಿಂದ ಮೋಟಾರಿಗೂ ರಾಡಿಗೂ ದೊಡ್ಡ ಸಾಕೆಟ್ಟೇ ಬೇಕು, ಅದಕ್ಕೆ ತಕ್ಕ ದಪ್ಪದ ತಂತಿಯೂ ಬೇಕು.

ಮೊದಲು ಮುಟ್ಟದೆ ನೋಡಿ

ಸ್ವಿಚ್ ಹಾಕಿದಿರಿ, ಯಂತ್ರ ತಿರುಗಲಿಲ್ಲ. ಸಾಕೆಟ್ಟಿಗೆ ಗುದ್ದುವುದು, ಪ್ಲಗ್ಗನ್ನು ಅತ್ತಿತ್ತ ಅಲ್ಲಾಡಿಸುವುದು ಬೇಡ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಈ ಕ್ರಮದಲ್ಲಿ ನೋಡಿಕೊಂಡು ಬನ್ನಿ.

1. ಕರೆಂಟು ಎಲ್ಲೆಲ್ಲಿ ಇಲ್ಲ? ಪಕ್ಕದ ಮನೆಯಲ್ಲೂ ಇಲ್ಲದಿದ್ದರೆ ಅದು ಲೈನಿನ ಸಮಸ್ಯೆ, ನಿಮ್ಮ ಪಾಯಿಂಟಿನದಲ್ಲ. ನಿಮ್ಮ ಮನೆಗೆ ಮಾತ್ರ ಇಲ್ಲದಿದ್ದರೆ ಮೀಟರ್ ಬೋರ್ಡಿನ ಹತ್ತಿರ ಹೋಗಿ. ಮನೆಯಲ್ಲಿದ್ದು ಕೊಟ್ಟಿಗೆಯಲ್ಲಿ ಇಲ್ಲದಿದ್ದರೆ ಕೊಟ್ಟಿಗೆಯ ಎಂಸಿಬಿ ಬಿದ್ದಿದೆಯೇ ನೋಡಿ.

2. ಕೆಟ್ಟಿರುವುದು ಯಂತ್ರವೋ, ಪಾಯಿಂಟೋ? ಸಾಕೆಟ್ ಒಣಗಿದ್ದು ಸುಟ್ಟ ಗುರುತು ಇಲ್ಲದಿದ್ದರೆ, ಚೆನ್ನಾಗಿರುವ ಫೋನ್ ಚಾರ್ಜರನ್ನೋ ಟೇಬಲ್ ಫ್ಯಾನನ್ನೋ ಅದಕ್ಕೆ ಹಾಕಿ. ಅದು ನಡೆದರೆ ದೋಷ ಬಹುಶಃ ಯಂತ್ರದಲ್ಲಿದೆ. ಅದೂ ನಡೆಯದಿದ್ದರೆ ಪಾಯಿಂಟಿನಲ್ಲಿದೆ. ಚಾರ್ಜರ್ ನಡೆದು ಮೋಟಾರು ಮಾತ್ರ ಗುಂಯ್ ಎಂದು ತಿರುಗದೆ ನಿಂತರೆ, ವೋಲ್ಟೇಜ್ ಕಡಿಮೆ ಇರಬಹುದು, ಇಲ್ಲವೇ ಒಳಗಿನ ಜಾಯಿಂಟ್ ಸಡಿಲವಾಗಿರಬಹುದು, ಅಥವಾ ಮೋಟಾರಿನ ಕೆಪಾಸಿಟರ್ ಹೋಗಿರಬಹುದು. ತಕ್ಷಣ ಆರಿಸಿ. ಹಾಗೆಯೇ ಬಿಟ್ಟರೆ ಮೋಟಾರು ಸುಟ್ಟುಹೋಗುತ್ತದೆ.

3. ಕಣ್ಣು, ಮೂಗು, ಕಿವಿ ಏನು ಹೇಳುತ್ತವೆ? ತೂತುಗಳ ಸುತ್ತ ಕಂದು ಇಲ್ಲವೇ ಕಪ್ಪು ಕಲೆ, ಪ್ಲಾಸ್ಟಿಕ್ ಕರಗಿದ ಗುರುತು, ಸುಟ್ಟ ವಾಸನೆ, ಚಟಪಟ ಸದ್ದು, ಪ್ಲಗ್ಗಿನ ಪಿನ್ ಕಪ್ಪಾಗಿರುವುದು. ಇದರಲ್ಲಿ ಯಾವುದು ಕಂಡರೂ ಮುಂದಿನ ಪರೀಕ್ಷೆ ಬೇಡ. ಆ ಪಾಯಿಂಟಿನ ಎಂಸಿಬಿ ಆರಿಸಿ ಎಲೆಕ್ಟ್ರಿಷಿಯನ್‌ಗೆ ಹೇಳಿ ಕಳುಹಿಸಿ. ಸಾಕೆಟ್ ಬದಲಿಸುವಾಗ ಪ್ಲಗ್ಗನ್ನೂ ಬದಲಿಸಿ. ಸುಟ್ಟ ಪ್ಲಗ್ ಹೊಸ ಸಾಕೆಟ್ಟನ್ನೂ ಸುಡುತ್ತದೆ.

4. ಪ್ಲಗ್ ಸಡಿಲವಾಗಿ ಜೋತುಬೀಳುತ್ತಿದೆಯೇ? ಒಳಗಿನ ಪಟ್ಟಿ ಅಗಲಿದೆ ಎಂದರ್ಥ. ಬೆಂಕಿಕಡ್ಡಿ ಸಿಕ್ಕಿಸಿ ಬಿಗಿ ಮಾಡುವುದು, ಪ್ಲಗ್ಗಿಲ್ಲದ ತಂತಿಯ ತುದಿಯನ್ನೇ ತೂತಿಗೆ ತುರುಕಿ ಕಡ್ಡಿ ಚುಚ್ಚುವುದು ಹಳ್ಳಿಗಳಲ್ಲಿ ದಿನಾ ಕಾಣುವ ನೋಟ. ಸಡಿಲ ಜಾಗದಲ್ಲಿ ಕಿಡಿ ಹಾರುತ್ತದೆ, ಪಕ್ಕದಲ್ಲೇ ಒಣಹುಲ್ಲು ಇರುತ್ತದೆ. ಒಂದು ಸಾಕೆಟ್ಟಿನ ಬೆಲೆಯನ್ನು ಒಂದು ಬಣವೆಯ ಬೆಲೆಯ ಪಕ್ಕ ಇಟ್ಟು ನೋಡಿ.

ಎಂಸಿಬಿ ಮತ್ತೆ ಮತ್ತೆ ಬಿದ್ದರೆ

ಕೊಟ್ಟಿಗೆಯ ಎಲ್ಲ ಪ್ಲಗ್‌ಗಳನ್ನೂ ಕಿತ್ತುಬಿಡಿ. ಒಣಗಿದ ಕೈಯಿಂದ ಎಂಸಿಬಿಯನ್ನು ಒಂದು ಸಲ ಮೇಲೆತ್ತಿ. ಏನೂ ಹಾಕದಿದ್ದರೂ ಬಿದ್ದರೆ ದೋಷ ಗೋಡೆಯೊಳಗಿನ ವೈರಿಂಗ್‌ನಲ್ಲಿದೆ. ಮತ್ತೆ ಎತ್ತಬೇಡಿ. ನಿಂತರೆ, ಒಂದೊಂದೇ ಸಾಧನವನ್ನು ಹಾಕುತ್ತ ಬನ್ನಿ. ಯಾವುದನ್ನು ಹಾಕಿದೊಡನೆ ಬೀಳುತ್ತದೋ ಅದರಲ್ಲೇ ದೋಷ. ಪ್ರತಿಯೊಂದೂ ಒಂಟಿಯಾಗಿ ನಡೆದು, ಎರಡು ಸೇರಿದಾಗ ಸ್ವಲ್ಪ ಹೊತ್ತಿಗೆ ಬಿದ್ದರೆ ಅದು ಹೊರೆಯ ಸಮಸ್ಯೆ. ರಾಡನ್ನೂ ಮೋಟಾರನ್ನೂ ಬೇರೆ ಬೇರೆ ಹೊತ್ತಿನಲ್ಲಿ ಬಳಸಿ.

ಆರ್‌ಸಿಸಿಬಿ ಬಿದ್ದರೂ ಇದೇ ಕ್ರಮ. ಆದರೆ ಅದು ಬಿದ್ದಿದೆ ಎಂದರೆ ಕರೆಂಟು ಎಲ್ಲೋ ಸೋರುತ್ತಿದೆ ಎಂದರ್ಥ. 'ಸುಮ್ಮಸುಮ್ಮನೆ ಬೀಳುತ್ತದೆ' ಎಂದು ಅದನ್ನು ತೆಗೆಸಿ ನೇರ ತಂತಿ ಕೊಡಿಸುವವರಿದ್ದಾರೆ. ನಾಯಿ ಬೊಗಳುತ್ತದೆಂದು ಅದನ್ನು ಓಡಿಸಿ ಕಳ್ಳನಿಗೆ ಬಾಗಿಲು ತೆರೆದ ಹಾಗೆ ಅದು. ಹಳೆಯ ಫ್ಯೂಸ್ ಇರುವ ಮನೆಗಳಲ್ಲಿ ಫ್ಯೂಸ್ ತಂತಿಯ ಬದಲು ದಪ್ಪ ತಾಮ್ರದ ಎಳೆ ಸುತ್ತುವುದೂ ಹಾಗೆಯೇ. ಆಮೇಲೆ ಸುಡುವುದು ಫ್ಯೂಸಲ್ಲ, ಗೋಡೆಯೊಳಗಿನ ವೈರು.

ಟೆಸ್ಟರ್ ಹೇಳುವ ಮಾತು

ಟೆಸ್ಟರ್ ಬಳಸುವುದಾದರೆ ಕೈ ಒಣಗಿರಬೇಕು, ನೆಲ ಒಣಗಿರಬೇಕು, ಕಾಲಿಗೆ ರಬ್ಬರ್ ಚಪ್ಪಲಿ ಇರಬೇಕು. ನೆಲ ಒದ್ದೆ ಇದ್ದರೆ ಬಳಸಲೇಬೇಡಿ. ಹಿಡಿ ಮಾತ್ರ ಹಿಡಿಯಿರಿ, ಹೆಬ್ಬೆರಳು ಮೇಲಿನ ಲೋಹದ ಟೋಪಿಯ ಮೇಲಿರಲಿ, ಕೆಳಗಿನ ಕಡ್ಡಿಗೆ ಬೆರಳು ತಾಗಬಾರದು. ಮೊದಲು ಕರೆಂಟು ಇರುವುದು ಖಚಿತವಾದ ಬೇರೊಂದು ಪಾಯಿಂಟಿನಲ್ಲಿ ಟೆಸ್ಟರ್ ಉರಿಯುತ್ತದೆಯೇ ನೋಡಿಕೊಳ್ಳಿ. ಕೆಟ್ಟ ಟೆಸ್ಟರ್ ಉರಿಯದಿದ್ದರೆ 'ಕರೆಂಟಿಲ್ಲ' ಎಂದು ಮೋಸ ಹೋಗುತ್ತೀರಿ.

ಈಗ ಪಾಯಿಂಟಿನ ಸ್ವಿಚ್ ಹಾಕಿ ನೋಡಿ:

– ಬಲದಲ್ಲಿ ಉರಿದು ಎಡದಲ್ಲಿ, ಮೇಲೆ ಉರಿಯದಿದ್ದರೆ ಫೇಸ್ ಸರಿಯಾಗಿ ಬರುತ್ತಿದೆ. ಆದರೂ ಚಾರ್ಜರ್ ನಡೆಯದಿದ್ದರೆ ನ್ಯೂಟ್ರಲ್ ಕಡಿದಿರಬಹುದು.

– ಎಲ್ಲಿಯೂ ಉರಿಯದಿದ್ದರೆ ಫೇಸ್ ಬರುತ್ತಿಲ್ಲ. ಸ್ವಿಚ್ ಹೋಗಿದೆ, ಇಲ್ಲವೇ ತಂತಿ ಕಡಿದಿದೆ.

– ಬಲ, ಎಡ ಎರಡರಲ್ಲೂ ಉರಿದರೆ ನ್ಯೂಟ್ರಲ್ ಹಿಂದೆಲ್ಲೋ ಕಡಿದಿದೆ. ಯಂತ್ರ ನಡೆಯದಿದ್ದರೂ ತಂತಿಯಲ್ಲಿ ಪೂರ್ತಿ ಕರೆಂಟು ಇದೆ. ಮೋಸಮಾಡುವ ಸ್ಥಿತಿ ಇದು.

– ಎಡದಲ್ಲಿ ಮಾತ್ರ ಉರಿದರೆ ತಂತಿ ಅದಲುಬದಲಾಗಿದೆ. ಸ್ವಿಚ್ ಆರಿಸಿದರೂ ಯಂತ್ರದೊಳಗೆ ಕರೆಂಟು ಉಳಿದಿರಬಹುದು.

– ಮೇಲಿನ ಅರ್ಥ್ ತೂತಿನಲ್ಲಿ ಉರಿದರೆ ಒಂದು ಕ್ಷಣವೂ ತಡ ಬೇಡ. ಆ ಪಾಯಿಂಟಿಗೆ ಹಾಕಿದ ಪ್ರತಿ ಯಂತ್ರದ ಕಬ್ಬಿಣದ ಮೈಗೂ ಕರೆಂಟು ಬರುತ್ತದೆ. ಮೇನ್ ಸ್ವಿಚ್ ಆರಿಸಿ, ಎಲ್ಲರಿಗೂ ತಿಳಿಸಿ.

ಬಾಕ್ಸನ್ನು ಬಿಚ್ಚುವ ಕೆಲಸ ನಿಮ್ಮದಲ್ಲ. ಬಿಚ್ಚುವವರಿಗೂ ಒಂದು ಮಾತು ನೆನಪಿಸಿ: ಮನೆಯಲ್ಲಿ ಯುಪಿಎಸ್ ಅಥವಾ ಸೋಲಾರ್ ಇನ್ವರ್ಟರ್ ಇದ್ದರೆ, ಮೇನ್ ಸ್ವಿಚ್ ಆರಿಸಿದ ಮೇಲೂ ಕೆಲವು ತಂತಿಗಳಲ್ಲಿ ಕರೆಂಟು ಇರುತ್ತದೆ. ಅದನ್ನೂ ಆರಿಸಬೇಕು.

ಹಸು ಮೊದಲು ಹೇಳುತ್ತದೆ

ಚಪ್ಪಲಿ ಹಾಕಿದ ನಿಮಗೆ ಗೊತ್ತೇ ಆಗದ ಸಣ್ಣ ಸೋರಿಕೆ ಹಸುವಿಗೆ ಗೊತ್ತಾಗುತ್ತದೆ. ಅದರ ನಾಲ್ಕು ಕಾಲೂ ಒದ್ದೆ ನೆಲದ ಮೇಲೆ, ಮೂತಿ ಕಬ್ಬಿಣದ ಗೋದಲಿಯಲ್ಲಿ, ಕೊರಳು ಸರಪಳಿಯಲ್ಲಿ. ಮುಂಗಾಲು ಹಿಂಗಾಲುಗಳ ನಡುವಿನ ಅಂತರವೂ ಹೆಚ್ಚು. ಕೆಲವೇ ವೋಲ್ಟಿನ ಸೋರಿಕೆಯೂ ಅದನ್ನು ಕಾಡುತ್ತದೆ.

ಕೊಟ್ಟಿಗೆಗೆ ಬರಲು ಹಿಂಜರಿಯುವುದು, ಬಾನಿಯ ನೀರಿಗೆ ಮೂತಿ ಇಟ್ಟು ಥಟ್ಟನೆ ಹಿಂದೆಗೆಯುವುದು, ಬಾಯಾರಿದ್ದರೂ ನಾಲಿಗೆಯಿಂದ ಚೂರು ಚೂರೇ ನೆಕ್ಕುವುದು, ಯಂತ್ರ ಹಾಕಿದಾಗ ಕಾಲು ಎತ್ತಿ ಎತ್ತಿ ಇಡುವುದು, ಒದೆಯುವುದು, ಹಾಲು ಬಿಗಿಹಿಡಿಯುವುದು. ಇವು ಕಂಡರೆ ಹಸುವಿಗೆ ಹೊಡೆಯಬೇಡಿ, ಕಣ್ಣುದೃಷ್ಟಿ ಎನ್ನಬೇಡಿ. ಹಾಲು ಕೆಚ್ಚಲಲ್ಲಿ ಉಳಿದರೆ ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಕೆಚ್ಚಲು ಬಾವು, ಮೊಲೆತೊಟ್ಟಿನ ಗಾಯ, ಯಂತ್ರದ ನಿರ್ವಾತ ಹೆಚ್ಚಾಗಿರುವುದು ಇವುಗಳಿಂದಲೂ ಇದೇ ಲಕ್ಷಣಗಳು ಬರಬಹುದು. ಆದ್ದರಿಂದ ಪಶುವೈದ್ಯರಿಗೂ ತೋರಿಸಿ. ಆದರೆ ಒಂದೇ ಜಾಗದಲ್ಲಿ ಕಟ್ಟಿದ ಹಸುಗಳೆಲ್ಲ ಹೀಗೆ ಮಾಡಿ, ಕರೆಂಟು ಹೋದಾಗ ಸುಮ್ಮನಿದ್ದರೆ, ಕೊಟ್ಟಿಗೆಯ ವೈರಿಂಗನ್ನು ಅಂದೇ ಪರೀಕ್ಷೆ ಮಾಡಿಸಿ.

ಅರ್ಥಿಂಗ್: ಯಾರೂ ನೋಡದ ಗುಂಡಿ

ಸಾಕೆಟ್ಟಿನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥ್ ಇದೆ ಎಂದಲ್ಲ. ಮೇಲಿನ ತೂತಿನಿಂದ ಹೊರಟ ತಂತಿ ಅರ್ಥ್ ಗುಂಡಿಯ ಪೈಪಿನವರೆಗೆ ಎಲ್ಲೂ ಕಡಿಯದೆ ಹೋಗಿರಬೇಕು. ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಆ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಕೆಲಸ ಮಾಡುವುದಿಲ್ಲ. ವಾರಕ್ಕೆರಡು ಬಾರಿ ನೀರು ಹಾಕಿ. ಪೈಪಿಗೆ ಕಟ್ಟಿದ ತಂತಿ ತುಕ್ಕು ಹಿಡಿದು ಬಿಟ್ಟುಕೊಂಡಿದೆಯೇ ಕಣ್ಣಾಡಿಸಿ, ಕೈಯಿಂದ ಮುಟ್ಟಬೇಡಿ.

ಅರ್ಥ್ ಇಲ್ಲದ ಕಡೆ ಕೆಲವರು ಸಾಕೆಟ್ಟಿನೊಳಗೆ ನ್ಯೂಟ್ರಲ್ ತಂತಿಯನ್ನೇ ಅರ್ಥ್ ಪಿನ್ನಿಗೆ ಸೇರಿಸಿ 'ಆಯಿತು' ಎನ್ನುತ್ತಾರೆ. ಎಲ್ಲಾದರೂ ನ್ಯೂಟ್ರಲ್ ಕಡಿದ ದಿನ ಯಂತ್ರದ ಮೈಗೆ 230 ವೋಲ್ಟ್ ನೇರವಾಗಿ ಬರುತ್ತದೆ. ಹಾಗೆ ಮಾಡಲು ಬಿಡಬೇಡಿ. ನೀರಿನ ಪೈಪಿಗೆ ಅರ್ಥ್ ಕಟ್ಟುವುದೂ ಬೇಡ. ಯಂತ್ರದ ಪ್ಲಗ್ಗಿನ ದೊಡ್ಡ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕುವುದೂ ಬೇಡ.

ಹಾಲು ಕರೆಯುವ ನಡುವೆ ಕರೆಂಟು ಹೋದರೆ

ನಿರ್ವಾತ ಇಳಿದಂತೆ ಕಪ್ಪುಗಳು ಕಳಚಿ ನೆಲಕ್ಕೆ ಬೀಳುತ್ತವೆ, ಸಗಣಿ ಒಳಗೆ ಸೇರುತ್ತದೆ. ಕ್ಲಸ್ಟರನ್ನು ಕೆಳಗಿನಿಂದ ಕೈಕೊಟ್ಟು ಹಿಡಿದು, ನಿರ್ವಾತದ ವಾಲ್ವ್ ಮುಚ್ಚಿ, ಮೆಲ್ಲಗೆ ಬಿಡಿಸಿ. ಎಳೆದು ಕೀಳಬೇಡಿ. ಯಂತ್ರದ ಸ್ವಿಚ್ ಆರಿಸಿ. ಉಳಿದ ಹಾಲನ್ನು ಕೈಯಿಂದ ಪೂರ್ತಿ ಕರೆಯಿರಿ. ಆಮೇಲೆ ಪಾಯಿಂಟನ್ನು ನೋಡಿದರಾಯಿತು. ಅವಸರದಲ್ಲಿ ಒದ್ದೆ ಕೈಯಿಂದ ಪ್ಲಗ್ ಅಲ್ಲಾಡಿಸಿದಾಗಲೇ ಶಾಕ್ ಹೊಡೆಯುವುದು.

ನೀರು ಕಾಯಿಸುವ ರಾಡಿಗೂ ಒಂದು ಎಚ್ಚರಿಕೆ. ನೀರು ಕಾದಿದೆಯೇ ಎಂದು ನೋಡುವ ಮೊದಲು ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಉರಿಯುತ್ತಿರುವ ರಾಡಿನ ಬಕೆಟ್ಟಿಗೆ ಬೆರಳು ಅದ್ದಿ ನೋಡುವ ಅಭ್ಯಾಸವನ್ನು ಇಂದೇ ಬಿಡಿ.

ಶಾಕ್ ಹೊಡೆದರೆ

ಸಿಕ್ಕಿಕೊಂಡವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಅದು ಸಾಧ್ಯವಾಗದಿದ್ದರೆ ಒಣಗಿದ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಿ. 108ಕ್ಕೆ ಕರೆ ಮಾಡಿಸಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಬಾರಿ ಗಟ್ಟಿಯಾಗಿ ಒತ್ತುತ್ತಿರಿ. ವಾಹನ ಬರುವವರೆಗೆ ನಿಲ್ಲಿಸಬೇಡಿ. ಶಾಕ್ ಹೊಡೆದು ಎದ್ದು ಕುಳಿತವರನ್ನೂ ವೈದ್ಯರಿಗೆ ತೋರಿಸಿ.

ಹಸು ಏಕಾಏಕಿ ಕುಸಿದು ಬಿದ್ದರೆ ಅದರ ಬಳಿಗೆ ಓಡಬೇಡಿ, ಸರಪಳಿ ಬಿಚ್ಚಲು ಹೋಗಬೇಡಿ. ನೆಲವೆಲ್ಲ ಕರೆಂಟಿರಬಹುದು. ಮೇನ್ ಸ್ವಿಚ್ ಆರಿಸಿದ ಮೇಲೆಯೇ ಕೊಟ್ಟಿಗೆಗೆ ಕಾಲಿಡಿ. ವಿಮೆ ಮಾಡಿಸಿದ ಹಸು ಸತ್ತರೆ ಹೂಳುವ ಮೊದಲು ಪಶುವೈದ್ಯರಿಗೆ, ಸಂಘದ ಕಾರ್ಯದರ್ಶಿಗೆ, ವಿಮಾ ಕಂಪನಿಗೆ ತಿಳಿಸಿ. ಕಿವಿಯ ಓಲೆಯನ್ನು ತೆಗೆಯಬೇಡಿ.

ಯಾರನ್ನು ಕರೆಯಬೇಕು?

ಕಂಬದಿಂದ ಮೀಟರಿನವರೆಗಿನ ತಂತಿ ವಿದ್ಯುತ್ ಕಂಪನಿಗೆ ಸೇರಿದ್ದು. ಅಲ್ಲಿ ಕಿಡಿ ಹಾರಿದರೆ, ತಂತಿ ಜೋತುಬಿದ್ದರೆ, ತಗಡಿನ ಮಾಡಿಗೆ ತಾಗಿದರೆ 1912ಕ್ಕೆ ಕರೆ ಮಾಡಿ, ಲೈನ್‌ಮನ್‌ಗೂ ಹೇಳಿ. ಬಟ್ಟೆ ಒಣಗಿಸುವ ತಂತಿಯನ್ನು ಎಂದೂ ತಗಡಿನ ಮಾಡಿಗೋ ಕಂಬಕ್ಕೋ ಕಟ್ಟಬೇಡಿ, ಹಗ್ಗ ಬಳಸಿ. ಮೀಟರಿನಿಂದ ಒಳಗಿನದು ನಿಮ್ಮದು. ಅದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿ.

ಅವರು ಬಂದಾಗ ಈ ಐದನ್ನು ಕೇಳಿ ಮಾಡಿಸಿಕೊಳ್ಳಿ:

1. ಕೊಟ್ಟಿಗೆಗೆ ಪ್ರತ್ಯೇಕ ಎಂಸಿಬಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ.
2. ಮೋಟಾರಿಗೂ ರಾಡಿಗೂ 16 ಆಂಪಿಯರಿನ ಸಾಕೆಟ್, ಐಎಸ್‌ಐ ಗುರುತಿನ ತಕ್ಕ ತಂತಿ.
3. ನೀರು ಸಿಡಿದರೂ ಒಳಗೆ ಹೋಗದಂಥ ಮುಚ್ಚಳವಿರುವ ಬಾಕ್ಸ್. ಹಸುವಿನ ಮೂತಿ, ಬಾಲ, ಮಕ್ಕಳ ಕೈ ತಲುಪದ ಎತ್ತರದಲ್ಲಿ, ಹುಲ್ಲಿನ ರಾಶಿಯಿಂದ ದೂರದಲ್ಲಿ.
4. ಇಲಿ ಕಡಿಯದಂತೆ ಪೈಪಿನೊಳಗೆ ವೈರಿಂಗ್, ನಡುವೆ ಟೇಪು ಸುತ್ತಿದ ಜಾಯಿಂಟ್ ಇಲ್ಲದಂತೆ.
5. ಹೋಗುವ ಮೊದಲು ಅರ್ಥ್ ಪರೀಕ್ಷೆ, ನಿಮ್ಮ ಕಣ್ಣೆದುರಿಗೇ.

ಇನ್ನು ನಿಮ್ಮ ಪಾಲಿನ ಕೆಲಸ. ತಿಂಗಳ ಮೊದಲ ದಿನ ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಗುಂಡಿ ಒತ್ತಿ. ಥಟ್ಟನೆ ಬಿದ್ದರೆ ಸರಿಯಿದೆ, ಬೀಳದಿದ್ದರೆ ಬದಲಿಸಬೇಕು. ಅದೇ ದಿನ ಸಾಕೆಟ್, ಪ್ಲಗ್, ವೈರುಗಳನ್ನು ಒಮ್ಮೆ ಕಣ್ಣಾಡಿಸಿ. ಕೊಟ್ಟಿಗೆ ತೊಳೆಯುವ ಮೊದಲು ಎಲ್ಲ ಪ್ಲಗ್ ಕಿತ್ತಿಡಿ. ಕಾಲಿಗೆ ರಬ್ಬರ್ ಚಪ್ಪಲಿಯೋ ಗಮ್‌ಬೂಟೋ ಇಲ್ಲದೆ ಸ್ವಿಚ್ ಮುಟ್ಟಬೇಡಿ. ಮೇನ್ ಸ್ವಿಚ್ ಎಲ್ಲಿದೆ, ಹೇಗೆ ಆರಿಸುವುದು ಎಂಬುದನ್ನು ಮನೆಯ ಸೊಸೆಗೂ, ಅತ್ತೆಗೂ, ಶಾಲೆಗೆ ಹೋಗುವ ಮಕ್ಕಳಿಗೂ ಒಮ್ಮೆ ತೋರಿಸಿಕೊಡಿ. ಸಂಘದಲ್ಲಿ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಪಕ್ಕದವರಿಗೂ ಒಂದು ಮಾತು ಹೇಳಿ: 'ನಿಮ್ಮ ಕೊಟ್ಟಿಗೆಗೆ ಅರ್ಥ್ ಇದೆಯಾ ಅಕ್ಕಾ, ನೋಡಿಸಿದ್ದೀರಾ?'